ಬೀಗ ಹಾಕಿದ ಮನೆಗೆ ಕಾವಲು ಯಾರು?

ಓದುಗರ ಪತ್ರ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ದಾವಣಗೆರೆಯ ಹೊರವಲಯದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಬೇಸಿಗೆ ರಜೆಯಲ್ಲಿ ನಮ್ಮ ಅಡ್ಡರಸ್ತೆಯ ಎರಡು ಮನೆಗಳ ಬೀಗ ಮುರಿದು ಒಡವೆ, ನಗದು ಒಯ್ದರು. ಅದರ ಬೆನ್ನಿಗೇ, ಬೆಳಗ್ಗೆ ರಂಗೋಲಿ ಹಾಕುತ್ತಿದ್ದ ಹೆಣ್ಣುಮಗಳೊಬ್ಬರ ಸರ ಕಿತ್ತುಕೊಂಡು ಹೋದರು. ನಿವಾಸಿಗಳ ಸಂಘದ ಸಭೆಯಲ್ಲಿ ಮೂರು ತೀರ್ಮಾನಗಳಾಗಿವೆ. ಎಲ್ಲರೂ ಕಾಂಪೌಂಡ್ ಎತ್ತರಿಸಬೇಕು. ಹುಡುಗರು ದೊಣ್ಣೆ ಹಿಡಿದು ರಾತ್ರಿ ಗಸ್ತು ತಿರುಗಬೇಕು. ಚಾಪೆ, ಬೆಡ್‌ಶೀಟ್ ಮಾರುವವರನ್ನು, ಗುಜರಿಯವರನ್ನು ಒಳಗೆ ಬಿಡಬಾರದು. ನನಗೇಕೋ ಸಮಾಧಾನವಿಲ್ಲ. ಹಾಗಾದರೆ ಮತ್ತೇನು ಮಾಡೋಣ ಎಂದು ಅವರು ಕೇಳಿದರೆ ನನ್ನ ಬಳಿ ಉತ್ತರವೂ ಇಲ್ಲ. ಪೊಲೀಸರನ್ನು ನಂಬಿ ಕೂರಬಹುದೆ? (ಹೆಸರು ಬೇಡ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಅಸಮಾಧಾನಕ್ಕೆ ಕಾರಣವಿದೆ. ಸಂಘದವರ ಭಯವೂ ಸುಳ್ಳಲ್ಲ. ಕಷ್ಟಪಟ್ಟು ಕೂಡಿಟ್ಟ ಬಂಗಾರ ಹೋದ ಮನೆಯಲ್ಲಿ ಎಷ್ಟೋ ತಿಂಗಳು ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಆದರೆ ಆ ಮೂರು ತೀರ್ಮಾನಗಳಲ್ಲಿ ಒಂದು ಕಳ್ಳನಿಗೇ ಅನುಕೂಲ, ಒಂದು ನಿಮ್ಮ ಹುಡುಗರನ್ನೇ ಜೈಲಿಗೆ ಕಳಿಸಬಹುದು, ಇನ್ನೊಂದು ಅನ್ಯಾಯ. ನಿಮ್ಮ ಬಡಾವಣೆಗೆ ಸದ್ಯ ಬೇಕಾಗಿರುವುದು ಪರಿಚಯ. ಅಕ್ಕಪಕ್ಕದ ಮನೆಯವರಿಗೆ ಒಬ್ಬರಿಗೊಬ್ಬರು ಗೊತ್ತಿರಬೇಕು, ಬೀಟ್ ಪೊಲೀಸರಿಗೆ ನೀವು ಗೊತ್ತಿರಬೇಕು, ನಿಮಗೆ ಅವರು ಗೊತ್ತಿರಬೇಕು. ಹಾಗೆ ಏಕೆ ಹೇಳುತ್ತೇನೆಂದು ವಿವರಿಸುತ್ತೇನೆ.

ಮನೆಗಳ್ಳ ಮೊದಲು ನೋಡುವುದು ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂಬುದನ್ನು. ಒಳಗೆ ಎಷ್ಟು ಬಂಗಾರವಿದೆ ಎಂಬುದು ಅವನಿಗೆ ಆಮೇಲಿನ ಮಾತು. ಹಗಲು ಹೊತ್ತು ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಅವನಿಗೆ ಬೇಕಾದದ್ದೆಲ್ಲ ಹೊರಗೇ ಕಾಣುತ್ತದೆ. ಎಲ್ಲರ ಮನೆ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿರುವಾಗ ಒಂದು ಮನೆಯ ಅಂಗಳ ಮಾತ್ರ ಒಣಗಿರುತ್ತದೆ. ಗೇಟಿಗೆ ಸಿಕ್ಕಿಸಿದ ಪೇಪರ್ ನಿನ್ನೆಯದು, ಅದರ ಕೆಳಗೆ ಮೊನ್ನೆಯದು. ಮಧ್ಯಾಹ್ನವಾದರೂ ಉರಿಯುತ್ತಲೇ ಇರುವ ವರಾಂಡದ ಲೈಟು. ಎಲ್ಲಕ್ಕಿಂತ ಹೆಚ್ಚಾಗಿ, ಮುಂಬಾಗಿಲಿಗೆ ನೇತುಹಾಕಿದ, ರಸ್ತೆಯಿಂದಲೇ ಕಾಣುವ ದೊಡ್ಡ ಬೀಗ. ಬೀಗ ಎಷ್ಟೇ ಗಟ್ಟಿಯಿದ್ದರೂ ಅದನ್ನು ಹಾಕಿದ ಚಿಲಕ ಮತ್ತು ಕೊಂಡಿ ನಾಲ್ಕು ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಕಬ್ಬಿಣದ ರಾಡು ಸಿಕ್ಕಿಸಿ ಮೀಟಿದರೆ ಬೀಗ ಹಾಗೇ ಉಳಿದು ಕೊಂಡಿಯೇ ಕಿತ್ತು ಬರುತ್ತದೆ. ಆದ್ದರಿಂದ ಬಾಗಿಲ ಒಳಗೇ ಕೂರುವ ಇಂಟರ್‌ಲಾಕ್ ಹಾಕಿಸಿ. ಮನೆ ಬೀಗ ಹಾಕಿದೆಯೋ ಇಲ್ಲವೋ ಎಂಬುದೇ ಹೊರಗಿನವರಿಗೆ ತಿಳಿಯುವುದಿಲ್ಲ. ಹಿತ್ತಲ ಬಾಗಿಲು ಮರೆಯಬೇಡಿ. ಮುಂದೆ ತೇಗದ ಬಾಗಿಲು ಇಟ್ಟು ಹಿಂದೆ ತೆಳು ಶೀಟಿನ ಬಾಗಿಲು ಇಟ್ಟ ಮನೆಗಳು ನಮ್ಮಲ್ಲಿ ಬಹಳ. ಕೀಲಿಕೈಯನ್ನು ಹೂಕುಂಡದ ಕೆಳಗೆ, ಮೀಟರ್ ಪೆಟ್ಟಿಗೆಯಲ್ಲಿ, ಚಪ್ಪಲಿ ಗೂಡಿನಲ್ಲಿ ಬಿಡುವುದನ್ನು ಇಂದಿಗೇ ನಿಲ್ಲಿಸಿ. ಕಳ್ಳ ಮೊದಲು ಕೈಹಾಕುವುದೇ ಅಲ್ಲಿಗೆ. ಬೀರುವಿನ ಕೀಲಿ ಬೀರುವಿನ ಮೇಲೇ ಇರುತ್ತದೆ ಎಂಬುದೂ ಅವನಿಗೆ ಗೊತ್ತು.

ಈಗ ಕಾಂಪೌಂಡ್ ವಿಚಾರ. ಎದೆಯೆತ್ತರದ ಗೋಡೆಯ ಆಚೆ ಒಬ್ಬ ಅಪರಿಚಿತ ಬಾಗಿಲು ಮೀಟುತ್ತಿದ್ದರೆ ಎದುರು ಮನೆಯ ಅಜ್ಜಿಗೆ ಕಾಣುತ್ತದೆ. ಏಳಡಿ ಗೋಡೆ, ಅದರ ಮೇಲೆ ತಗಡಿನ ಗೇಟು ಬಂದರೆ, ಒಮ್ಮೆ ಒಳಗಿಳಿದವನು ಬೆಳಗಿನವರೆಗೆ ನಿಶ್ಚಿಂತೆಯಿಂದ ಕೆಲಸ ಮಾಡಬಹುದು. ಗೋಡೆಗೆ ಸುರಿಯುವ ಹಣದಲ್ಲಿ ಕಿಟಕಿಗೆ ಒಳ್ಳೆಯ ಗ್ರಿಲ್, ಬಾಗಿಲ ಮುಂದೆ ಕಬ್ಬಿಣದ ಸೇಫ್ಟಿ ಡೋರ್, ಮನೆಯ ಹಿಂಬದಿಗೆ ಒಂದು ಸೆನ್ಸರ್ ಲೈಟು ಬರುತ್ತದೆ. ಗೇಟು ಸರಳಿನದೇ ಇರಲಿ, ಆರಪಾರ ಕಾಣಲಿ.

ನಮ್ಮ ಹಳ್ಳಿಗಳಲ್ಲಿ ಹಿಂದೆ ತಳವಾರ ಇರುತ್ತಿದ್ದ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯೊಂದಿಗೆ ಆ ವಂಶಪಾರಂಪರ್ಯದ ಹುದ್ದೆ ಹೋಯಿತು. ಹುಟ್ಟಿನಿಂದ ಕೆಲಸ ಕಟ್ಟುವ ಪದ್ಧತಿ ಹೋದದ್ದು ಒಳ್ಳೆಯದೇ. ಆದರೆ ಆ ಕಾವಲಿನ ಬಲ ಎಲ್ಲಿತ್ತು ಎಂಬುದನ್ನು ನೆನಪಿಡಬೇಕು. ಯಾರ ಮನೆಗೆ ಯಾವ ಊರಿನ ನೆಂಟರು ಬಂದಿದ್ದಾರೆ, ಯಾರು ಜಾತ್ರೆಗೆ ಹೋಗಿದ್ದಾರೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಹೊಸ ಬಡಾವಣೆಗಳಲ್ಲಿ ಆ ತಿಳಿವಳಿಕೆ ಯಾರ ಬಳಿಯೂ ಇಲ್ಲ. ಎರಡು ಮನೆ ಆಚೆ ಇರುವವರ ಫೋನ್ ನಂಬರ್ ನಮ್ಮಲ್ಲಿಲ್ಲ.

ಅದನ್ನು ಮತ್ತೆ ಕಟ್ಟಿಕೊಳ್ಳುವುದು ಕಷ್ಟವಲ್ಲ. ನಿಮ್ಮ ಅಡ್ಡರಸ್ತೆಯ ಹತ್ತು ಹನ್ನೆರಡು ಮನೆಗಳವರು ಒಂದು ಸಂಜೆ ಕೂತು ನಂಬರ್ ಹಂಚಿಕೊಳ್ಳಿ. ಊರಿಗೆ ಹೊರಡುವವರು ಪಕ್ಕದ ಎರಡು ಮನೆಗೆ ಬಾಯಿ ಮಾತಲ್ಲಿ ಹೇಳಿ ಹೋಗಲಿ. ದೊಡ್ಡ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದು ಬೇಡ, ತಿರುಪತಿಯ ಬಸ್ಸಿನಿಂದಲೇ ಸ್ಟೇಟಸ್ ಹಾಕುವುದಂತೂ ಬೇಡವೇ ಬೇಡ. ಫೋಟೊಗಳನ್ನು ವಾಪಸ್ ಬಂದ ಮೇಲೆ ಹಾಕಿದರಾಯಿತು. ಹಾಲು, ಪೇಪರ್ ನಿಲ್ಲಿಸಲಿ. ಪಕ್ಕದ ಮನೆಯಾಕೆ ತಮ್ಮ ಬಾಗಿಲಿಗೆ ನೀರು ಹಾಕುವಾಗ ಆ ಬಾಗಿಲಿಗೂ ಒಂದು ಚೆಂಬು ನೀರು ಹಾಕಿ ಎರಡೆಳೆ ರಂಗೋಲಿ ಎಳೆಯಲಿ, ಸಂಜೆ ಒಂದು ಲೈಟು ಹಾಕಿ ಬೆಳಗ್ಗೆ ಆರಿಸಲಿ. ಮದುವೆ ಮನೆಯವರ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಲಗ್ನಪತ್ರಿಕೆ ಊರಿಗೆಲ್ಲ ಹಂಚಿರುತ್ತೇವೆ, ಯಾವ ದಿನ ಮನೆ ಖಾಲಿ ಎಂದು ಅದರಲ್ಲೇ ಅಚ್ಚಾಗಿರುತ್ತದೆ. ಮನೆಯಲ್ಲಿ ಒಬ್ಬರನ್ನಾದರೂ ಉಳಿಸಿ ಹೋಗಬೇಕು. ಬಂಗಾರ ಬ್ಯಾಂಕ್ ಲಾಕರ್‌ನಲ್ಲಿರಲಿ. ಬ್ಯಾಂಕಿನ ಕಡೆಯ ಲೋಪದಿಂದ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರ್‌ನಲ್ಲಿದ್ದದ್ದು ಹೋದರೆ ವರ್ಷದ ಬಾಡಿಗೆಯ ನೂರು ಪಟ್ಟು ಮೊತ್ತದವರೆಗೆ ಬ್ಯಾಂಕ್ ಹೊಣೆ ಎಂದು ರಿಸರ್ವ್ ಬ್ಯಾಂಕಿನ ನಿಯಮ 2022ರಿಂದ ಜಾರಿಯಲ್ಲಿದೆ. ಅದು ಪೂರ್ತಿ ನಷ್ಟ ತುಂಬಲಿಕ್ಕಿಲ್ಲ, ಆದರೂ ಬೀರುವಿಗಿಂತ ಲಾಕರ್ ಎಷ್ಟೋ ವಾಸಿ.

ಸರಗಳ್ಳತನದ ರೀತಿ ಬೇರೆ. ಬೈಕಿನಲ್ಲಿ ಇಬ್ಬರು, ಹಿಂದಿನವನು ಇಳಿದು ವಿಳಾಸ ಕೇಳುತ್ತಾನೆ, ಅಥವಾ ಹಿಂದಿನಿಂದ ಬಂದು ಕೈ ಹಾಕುತ್ತಾನೆ. ಬೆಳಗಿನ ಹೊತ್ತು ಬೀದಿ ಖಾಲಿ, ಹೆಂಗಸರು ಬಗ್ಗಿ ರಂಗೋಲಿ ಹಾಕುತ್ತಿರುತ್ತಾರೆ, ಬೆನ್ನು ರಸ್ತೆಗೆ. ಮನೆಯ ಕಡೆ ಬೆನ್ನು ಮಾಡಿ, ರಸ್ತೆಗೆ ಮುಖ ಮಾಡಿ ಕೂರಲಿ. ಅಕ್ಕಪಕ್ಕದವರು ಒಂದೇ ಹೊತ್ತಿಗೆ ಹೊರಗೆ ಬರುವಂತೆ ಮಾತಾಡಿಕೊಳ್ಳಲಿ. ಸೆರಗನ್ನು ಕೊರಳು ಮುಚ್ಚುವಂತೆ ಹೊದೆಯಲಿ. ಕಿತ್ತುಕೊಂಡರೆ ಹಿಡಿದೆಳೆಯಬಾರದು, ನೆಲಕ್ಕೆ ಬಿದ್ದು ತಲೆಗೆ ಪೆಟ್ಟಾದರೆ ಸರದ ಜೊತೆ ಜೀವವೂ ಹೋಗುತ್ತದೆ. ಜೋರಾಗಿ ಕೂಗಲಿ, ಬೈಕಿನ ಬಣ್ಣ, ಅವರು ಹೋದ ದಿಕ್ಕು ನೆನಪಿಟ್ಟು ಕೂಡಲೇ 112ಕ್ಕೆ ಫೋನ್ ಮಾಡಲಿ. ಮೊದಲ ಹತ್ತು ನಿಮಿಷದಲ್ಲಿ ಮಾಹಿತಿ ಸಿಕ್ಕರೆ ಮುಂದಿನ ಸರ್ಕಲ್‌ನಲ್ಲೇ ತಡೆಯುವ ಅವಕಾಶವಿರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಲ್ಲಿ ಕಿತ್ತುಕೊಳ್ಳುವುದನ್ನೇ ಪ್ರತ್ಯೇಕ ಅಪರಾಧವೆಂದು ಹೇಳಿ, ಮೂರು ವರ್ಷದವರೆಗೆ ಶಿಕ್ಷೆ ಇಟ್ಟಿದ್ದಾರೆ.

ಕೈ ಹಾಕದೆಯೇ ಒಡವೆ ಒಯ್ಯುವವರ ಬಗ್ಗೆ ನಿಮ್ಮ ಸಭೆಯಲ್ಲಿ ಖಂಡಿತ ಹೇಳಿ. ಸಫಾರಿ ಡ್ರೆಸ್ಸಿನಲ್ಲಿ ಇಬ್ಬರು ಬಂದು, "ಅಮ್ಮಾ, ನಾವು ಪೊಲೀಸರು. ಮುಂದಿನ ರಸ್ತೆಯಲ್ಲಿ ಗಲಾಟೆ ಆಗಿದೆ, ಇಷ್ಟೊಂದು ಬಂಗಾರ ಹಾಕ್ಕೊಂಡು ಹೋಗ್ತೀರಲ್ಲ, ಬಿಚ್ಚಿ ಪರ್ಸಲ್ಲಿ ಇಟ್ಕೊಳ್ಳಿ" ಎನ್ನುತ್ತಾರೆ. ಅಷ್ಟರಲ್ಲಿ ದಾರಿಹೋಕನಂತೆ ಬಂದ ಇನ್ನೊಬ್ಬ ತನ್ನ ಕೊರಳ ಚೈನು ಬಿಚ್ಚಿ ಅವರ ಕೈಗೆ ಕೊಡುತ್ತಾನೆ. ಅವನೂ ಅವರವನೇ. ಅದನ್ನು ನೋಡಿ ಅಜ್ಜಿಯೂ ಬಿಚ್ಚಿಕೊಡುತ್ತಾರೆ. ಪೇಪರಿನಲ್ಲಿ ಸುತ್ತಿ ವಾಪಸ್ ಕೊಟ್ಟ ಪೊಟ್ಟಣವನ್ನು ಮನೆಗೆ ಬಂದು ಬಿಚ್ಚಿದರೆ ಒಳಗೆ ಕಲ್ಲು. ನಿಜವಾದ ಪೊಲೀಸರು ರಸ್ತೆಯಲ್ಲಿ ಯಾರ ಒಡವೆಯನ್ನೂ ಬಿಚ್ಚಿಸಿ ಕಟ್ಟಿಕೊಡುವುದಿಲ್ಲ. ಒಡವೆ ಪಾಲಿಶ್ ಮಾಡಿಕೊಡುತ್ತೇವೆ ಎಂದು ಮನೆಬಾಗಿಲಿಗೆ ಬರುವವರದ್ದೂ ಇದೇ ಜಾತಿಯ ಮೋಸ. ಆಸಿಡ್ ದ್ರಾವಣದಲ್ಲಿ ಅದ್ದಿ ಬಂಗಾರವನ್ನೇ ಕರಗಿಸಿಕೊಳ್ಳುತ್ತಾರೆ, ಬಳೆ ಹೊಳೆಯುತ್ತಲೇ ತೂಕ ಕಳೆದುಕೊಂಡಿರುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಕಾಡಿದ್ದು ದೊಣ್ಣೆಯ ಮಾತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಟ್ಟೆಪಾಡಿಗೆ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹಿಡಿದು ಜನ ಹೊಡೆದು ಕೊಂದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯ ಬಳಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹಾಗೆಯೇ ಸತ್ತರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹರಡಿತು, ಕಾರಿನ ಬೆನ್ನುಹತ್ತಿ ಹಿಡಿದರು. ಹೊಡೆದವರು ಸಾಮಾನ್ಯ ಹಳ್ಳಿಗರು, ಊರು ಕಾಯುತ್ತಿದ್ದೇವೆ ಎಂದೇ ನಂಬಿದ್ದವರು. ನಡುರಾತ್ರಿ ದೊಣ್ಣೆ ಹಿಡಿದ ಗುಂಪಿನ ಕೈಗೆ ಒಬ್ಬ ಮಾನಸಿಕ ಅಸ್ವಸ್ಥನೋ ವಿಳಾಸ ತಪ್ಪಿದ ಡೆಲಿವರಿ ಹುಡುಗನೋ ಸಿಕ್ಕಿಬಿದ್ದರೆ ಏನಾಗುತ್ತದೆಂದು ಯೋಚಿಸಿ. ಕಣ್ಣೆದುರೇ ಕಳವಿನಂಥ ಗಂಭೀರ ಅಪರಾಧ ನಡೆದರೆ ನಾಗರಿಕರು ಅವನನ್ನು ಹಿಡಿಯಬಹುದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಆ ಅಧಿಕಾರ ಕೊಟ್ಟಿದೆ. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆಯುವ ಅಧಿಕಾರ ಯಾರಿಗೂ ಇಲ್ಲ. ಐದು ಅಥವಾ ಹೆಚ್ಚು ಜನ ಗುಂಪುಗೂಡಿ ಜಾತಿ, ಭಾಷೆ, ಹುಟ್ಟೂರಿನಂಥ ಕಾರಣಕ್ಕೆ ಒಬ್ಬನನ್ನು ಕೊಂದರೆ ಗಲ್ಲು ಅಥವಾ ಜೀವಾವಧಿ ಶಿಕ್ಷೆ ಎಂದು ಭಾರತೀಯ ನ್ಯಾಯ ಸಂಹಿತೆಯೇ ಹೇಳುತ್ತದೆ. ಗಸ್ತು ಬೇಕೇ ಬೇಕೆಂದರೆ ಠಾಣೆಗೆ ತಿಳಿಸಿ, ಅವರ ಜೊತೆ ಸೇರಿ ಮಾಡಿ. ಕೈಯಲ್ಲಿ ಟಾರ್ಚು, ಸೀಟಿ, ಫೋನ್ ಸಾಕು. ಅನುಮಾನ ಬಂದರೆ ಲೈಟು ಹಾಕಿ, ಸೀಟಿ ಊದಿ, 112ಕ್ಕೆ ಕರೆ ಮಾಡಿ, ದೂರ ನಿಲ್ಲಿ. ಬಹುಪಾಲು ಕಳ್ಳರು ಸದ್ದಾದರೆ ಓಡುತ್ತಾರೆ, ಓಡಲು ಬಿಡಿ.

ಚಾಪೆ ಮಾರುವವರನ್ನು ತಡೆಯುವ ಬೋರ್ಡು ಹಾಕಲೇಬೇಡಿ. ಸಾರ್ವಜನಿಕ ರಸ್ತೆಯಲ್ಲಿ ಯಾರು ನಡೆಯಬೇಕೆಂದು ಹೇಳುವ ಹಕ್ಕು ಸಂಘಕ್ಕಿಲ್ಲ. 1871ರಲ್ಲಿ ಬ್ರಿಟಿಷರು ಕಾಯ್ದೆ ಮಾಡಿ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದರು. 1952ರಲ್ಲಿ ಆ ಕಾಯ್ದೆ ರದ್ದಾಯಿತು, ಅನುಮಾನ ರದ್ದಾಗಲಿಲ್ಲ. ಎಲ್ಲಿ ಕಳವಾದರೂ ಮೊದಲು ಗುಡಿಸಲ ಕಡೆ ಬೆರಳು ತೋರಿಸುವುದು ಇಂದಿಗೂ ನಿಂತಿಲ್ಲ. ಅಷ್ಟೇ ಅಲ್ಲ, ಹೂವಿನವಳು, ತರಕಾರಿ ಗಾಡಿಯವನು, ಗುಜರಿಯವನು ನಿಮ್ಮ ಬೀದಿಯ ಕಣ್ಣುಗಳು. ದಿನವೂ ಬರುವ ಸೊಪ್ಪಿನವಳಿಗೆ ಹೊಸ ಮುಖ ಯಾವುದೆಂದು ನಿಮಗಿಂತ ಬೇಗ ತಿಳಿಯುತ್ತದೆ. ಅವರ ಹೆಸರು ಕೇಳಿ ಮಾತಾಡಿಸಿ. ಪರಿಚಯವಿಲ್ಲದ ಯಾರನ್ನೇ ಆಗಲಿ, ಎಷ್ಟೇ ಟಿಪ್‌ಟಾಪಾಗಿ ಬಂದಿರಲಿ, ಗ್ರಿಲ್ ಬಾಗಿಲು ಹಾಕಿಕೊಂಡೇ ಮಾತಾಡಿಸಿ.

ಪೊಲೀಸರನ್ನು ನಂಬಿ ಕೂರಬಹುದೆ ಎಂದು ಕೇಳಿದ್ದೀರಿ. ಕೂರಬೇಡಿ, ಹೋಗಿ ಕಾಣಿ. ಪ್ರತಿ ಠಾಣೆಯ ಸರಹದ್ದನ್ನೂ ಬೀಟ್‌ಗಳಾಗಿ ಹಂಚಿರುತ್ತಾರೆ, ನಿಮ್ಮ ಬಡಾವಣೆಗೂ ಒಬ್ಬ ಬೀಟ್ ಪೊಲೀಸ್ ಇದ್ದಾರೆ. 2025ರಲ್ಲಿ ರಾಜ್ಯ ಸರ್ಕಾರ "ಮನೆ ಮನೆಗೆ ಪೊಲೀಸ್" ಎಂಬ ಕಾರ್ಯಕ್ರಮವನ್ನೂ ಶುರುಮಾಡಿದೆ. ಸಂಘದ ಪರವಾಗಿ ಠಾಣೆಗೆ ಹೋಗಿ ಆ ಸಿಬ್ಬಂದಿಯ ನಂಬರ್ ಪಡೆಯಿರಿ, ನಿಮ್ಮ ಮುಂದಿನ ಸಭೆಗೆ ಅವರನ್ನು ಕರೆಯಿರಿ. ವಾರಗಟ್ಟಲೆ ಊರಿಗೆ ಹೋಗುವವರು ಅವರಿಗೆ ತಿಳಿಸಿ ಹೋಗಲಿ, ರಾತ್ರಿ ಗಸ್ತಿನಲ್ಲಿ ಆ ಮನೆಯ ಕಡೆ ಒಂದು ನೋಟ ಹರಿಸುತ್ತಾರೆ. ರಾತ್ರಿ ಕತ್ತಲಿರುವ ಮೂಲೆಗಳ ಪಟ್ಟಿಯನ್ನೂ ಮಾಡಿ. ಹೊಸ ಬಡಾವಣೆಗಳಲ್ಲಿ ಬೀದಿದೀಪ ಯಾರ ಹೊಣೆ ಎಂಬ ಗೊಂದಲದಲ್ಲೇ ವರ್ಷಗಳು ಕಳೆಯುತ್ತವೆ. ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿದೆಯೋ ಇಲ್ಲವೋ ಮೊದಲು ತಿಳಿದುಕೊಂಡು, ಆಗಿದ್ದರೆ ಪಾಲಿಕೆಗೆ, ಇಲ್ಲದಿದ್ದರೆ ಬಡಾವಣೆ ಮಾಡಿದವರಿಗೂ ನಗರಾಭಿವೃದ್ಧಿ ಪ್ರಾಧಿಕಾರಕ್ಕೂ (ದೂಡಾ) ಕಂಬದ ನಂಬರ್ ಸಹಿತ ಬರೆದು ಸ್ವೀಕೃತಿ ಪಡೆಯಿರಿ.

ಕ್ಯಾಮೆರಾ ಹಾಕಿಸುವುದಾದರೆ ಬಡಾವಣೆಗೆ ಬರುವ, ಹೋಗುವ ದಾರಿಗಳಲ್ಲಿ ಹಾಕಿಸಿ. ತೀರಾ ಎತ್ತರದಲ್ಲಿಟ್ಟರೆ ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. ರಾತ್ರಿ ಹೆಡ್‌ಲೈಟಿನ ಬೆಳಕಲ್ಲೂ ನಂಬರ್ ಪ್ಲೇಟ್ ಓದಲು ಬರುತ್ತದೆಯೇ ಎಂದು ಬೈಕ್ ಓಡಿಸಿ ಪರೀಕ್ಷಿಸಿ. ಗಡಿಯಾರ ಸರಿಯಿರಲಿ. ರೆಕಾರ್ಡಿಂಗ್ ಪೆಟ್ಟಿಗೆಯನ್ನು ಟಿವಿ ಕೆಳಗೆ ಇಟ್ಟರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ.

ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದು, ಇಲ್ಲಿ ಇಬ್ಬರೇ ಇರುವ ಹಿರಿಯರು ನಿಮ್ಮಲ್ಲೂ ಇರುತ್ತಾರೆ. ಅವರ ಹಣಕ್ಕೆ ಈಗ ಕನ್ನ ಬೀಳುವುದು ಫೋನಿನಲ್ಲಿ. "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕಾಲ್‌ನಲ್ಲಿ ಖಾಕಿ ತೊಟ್ಟು ಹೆದರಿಸಿದವನ ಫೋನ್ ಕಟ್ ಮಾಡಿ ಪಕ್ಕದ ಮನೆಯ ಬೆಲ್ ಒತ್ತಿ ಎಂದು ಅವರಿಗೆ ಹೇಳಿಡಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇನ್ನು ಕಳವಾದ ಆ ಎರಡು ಮನೆಯವರಿಗೆ ನನ್ನ ಪರವಾಗಿ ಇಷ್ಟು ಹೇಳಿ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು, ಸಿಕ್ಕಿಲ್ಲದಿದ್ದರೆ ಕೇಳಿ ಪಡೆಯಲಿ. ಠಾಣೆಯಲ್ಲಿ ದೂರು ದಾಖಲಿಸಲು ಒಪ್ಪದಿದ್ದರೆ ಲಿಖಿತವಾಗಿ ಅಂಚೆಯಲ್ಲಿ ಜಿಲ್ಲಾ ಎಸ್‌ಪಿಯವರಿಗೆ ಕಳಿಸುವ ಹಕ್ಕಿದೆ. ಒಡವೆ ರಸೀದಿ, ಮದುವೆ ಆಲ್ಬಮ್‌ನಲ್ಲಿ ಅದೇ ಒಡವೆ ಹಾಕಿಕೊಂಡ ಫೋಟೊ, ಅಕ್ಕಸಾಲಿಗರ ಚೀಟಿ ಏನಿದ್ದರೂ ತನಿಖಾಧಿಕಾರಿಗೆ ಕೊಡಲಿ. ಕಳ್ಳ ಸಿಕ್ಕ ಮೇಲೆ ಠಾಣೆಯ ಮೇಜಿನ ಮೇಲೆ ಹತ್ತು ಜೊತೆ ಬಳೆ ಹರಡಿದರೆ ತಮ್ಮದು ಯಾವುದೆಂದು ಎಷ್ಟೋ ಹೆಂಗಸರಿಗೆ ಹೇಳಲಾಗುವುದಿಲ್ಲ. ಉಳಿದ ಮನೆಯವರೂ ತಮ್ಮ ಒಡವೆಗಳನ್ನು ಒಂದೊಂದಾಗಿ, ತೂಕ ಬರೆದ ಚೀಟಿಯ ಜೊತೆಗಿಟ್ಟು ಈಗಲೇ ಫೋಟೊ ತೆಗೆದಿಡಲಿ. ಮಾಲು ಸಿಕ್ಕಿ ನ್ಯಾಯಾಲಯಕ್ಕೆ ಹೋದರೆ, ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ಮಧ್ಯಂತರವಾಗಿ ತಮ್ಮ ವಶಕ್ಕೆ ಕೊಡಿ ಎಂದು ಅರ್ಜಿ ಹಾಕಿದರೆ, ಫೋಟೊ ತೆಗೆಸಿ, ಬಾಂಡ್ ಬರೆಸಿಕೊಂಡು ಕೊಡುವ ಪದ್ಧತಿ ಇದೆ. ವಕೀಲರ ಖರ್ಚಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಲಿ. ಹೆಣ್ಣುಮಕ್ಕಳಿಗೆ ಅಲ್ಲಿ ವರಮಾನ ನೋಡದೆಯೇ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಅರ್ಜಿಯನ್ನು ಮನೆಯೊಡತಿಯ ಹೆಸರಿನಲ್ಲೇ ಹಾಕಿಸಿ.