ಮನೆಯ ವರ್ಕ್‌ಶಾಪ್‌ಗೆ ಯಾವ ಥಿಕ್‌ನೆಸ್ ಪ್ಲೇನರ್ ತೆಗೆದುಕೊಳ್ಳಲಿ? ಹಲಗೆಯ ತುದಿಯಲ್ಲಿ ತಗ್ಗು ಬೀಳದಂತೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಣಿಪಾಲದ ಹತ್ತಿರ ಮನೆ, ಹಿಂದೆ ಶೀಟ್ ಹಾಕಿದ ಒಂದು ಶೆಡ್. ಅಜ್ಜಿ ಮನೆಯ ಹಲಸಿನ ಮರದ ಹಲಗೆಗಳು ಉಂಟು, ಅವುಗಳಿಂದ ಊಟದ ಮೇಜು ಆಗಬೇಕು. ಗೆಳೆಯರ ಪ್ಲೇನರ್‌ನಲ್ಲಿ ಒಂದು ಹಲಗೆ ಹಾಕಿ ನೋಡಿದಿರಿ, ಎರಡೂ ತುದಿಯಲ್ಲಿ ಎರಡು ಮೂರು ಇಂಚಿನಷ್ಟು ತಗ್ಗು ಬಿತ್ತು. ಈ ತಗ್ಗು ಬೀಳದ ಮೆಷಿನ್ ಯಾವುದು, ಅದನ್ನೇ ತೆಗೆದುಕೊಳ್ಳುತ್ತೇನೆ ಎನ್ನುತ್ತೀರಿ.

ಅಂಥ ಮೆಷಿನ್ ಇಲ್ಲ. ಕೆಲವದರಲ್ಲಿ ಕಡಿಮೆ ಬೀಳುತ್ತದೆ, ಕೆಲವದರಲ್ಲಿ ಜಾಸ್ತಿ. ಆದರೆ ಯಾವ ಕಂಪನಿಯದ್ದೇ ಆಗಲಿ, ಬಾಕ್ಸ್‌ನಿಂದ ತೆಗೆದ ಮೇಲೆ ಕೂತು ಸೆಟ್ ಮಾಡದಿದ್ದರೆ ಅದು ನಿಮ್ಮ ಮರವನ್ನು ಹಾಳು ಮಾಡುತ್ತದೆ. ನಾನು ಮಂಗಳೂರಿನಲ್ಲಿ ಮನೆಯಲ್ಲೇ ಮರದ ಕೆಲಸ ಮಾಡುತ್ತೇನೆ, ಹೆಚ್ಚಿನದು ಹಲಸು ಮತ್ತು ಹಳೆ ಮನೆಗಳಿಂದ ಸಿಕ್ಕ ಸಾಗುವಾನಿ. ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಇರಲಿ. ಥಿಕ್‌ನೆಸ್ ಪ್ಲೇನರ್ ಹಲಗೆಯನ್ನು ನೇರ ಮಾಡುವುದಿಲ್ಲ. ಒಂದೇ ದಪ್ಪಕ್ಕೆ ತರುತ್ತದೆ, ಅಷ್ಟೇ. ಕೆಳಗಿನ ಮುಖ ಹೇಗಿದೆಯೋ ಮೇಲಿನ ಮುಖವನ್ನೂ ಹಾಗೇ ಕೀಸುತ್ತದೆ. ಬಾಗಿದ ಹಲಗೆಯನ್ನು ರೋಲರ್‌ಗಳು ಒತ್ತಿ ಹಿಡಿಯುತ್ತವೆ, ಬ್ಲೇಡ್ ಕೀಸುತ್ತದೆ, ಹೊರಗೆ ಬಂದ ಕೂಡಲೇ ಹಲಗೆ ಮತ್ತೆ ಬಾಗುತ್ತದೆ. ಆದ್ದರಿಂದ ಒಂದು ಮುಖವನ್ನು ಮೊದಲೇ ನೇರ ಮಾಡಿಕೊಳ್ಳಬೇಕು. ಮುಖ ನೇರ ಮಾಡುವ ಮೆಷಿನ್, ಅಂದರೆ ಜಾಯಿಂಟರ್, ಇಲ್ಲದಿದ್ದರೆ ಕೈ ಕೀಸುಳಿ ಸಾಕು. ಅದೂ ಕಷ್ಟವೆಂದರೆ 18 ಮಿ.ಮೀ. ಪ್ಲೈವುಡ್‌ನ ಒಂದು ಹಾಸು ಮಾಡಿ. ಅದರ ಮೇಲೆ ಹಲಗೆ ಇಟ್ಟು, ಅಲುಗಾಡುವ ಕಡೆಗಳಲ್ಲಿ ತೆಳು ಬೆಣೆ ಕೊಟ್ಟು, ಬಿಸಿ ಅಂಟಿನ ಗನ್‌ನಿಂದ ಅಂಟಿಸಿ. ಮುಂದಿನ ತುದಿಗೆ ಹಲಗೆಗಿಂತ ತಗ್ಗಿನ ಒಂದು ಪಟ್ಟಿ ಹೊಡೆಯಿರಿ, ಹಲಗೆ ಜಾರುವುದಿಲ್ಲ. ಹಾಸಿನ ಸಮೇತ ಒಳಗೆ ಕಳಿಸಿ. ಮೇಲಿನ ಮುಖ ನೇರವಾದ ಮೇಲೆ ಹಾಸು ತೆಗೆದು, ಹಲಗೆ ಮಗುಚಿ ಹಾಕಿದರೆ ಆಯಿತು.

ಈಗ ಯಾವುದು ತೆಗೆದುಕೊಳ್ಳುವುದು ಎಂಬ ಮಾತು. ನಿಮ್ಮ ಶೆಡ್‌ಗೆ ಸಿಂಗಲ್ ಫೇಸ್ ಕರೆಂಟ್, ಜಾಗ ಕಡಿಮೆ. ಮಿಲ್ಲುಗಳಲ್ಲಿ ಇರುವ ದೊಡ್ಡ ಬೀಡು ಕಬ್ಬಿಣದ ಮೆಷಿನ್ ಬೇಡ. ಅದು ಕೆಲಸಕ್ಕೆ ಒಳ್ಳೆಯದೇ, ಆದರೆ ಇಳಿಸಲಿಕ್ಕೇ ಜನ ಬೇಕು, ಹೆಚ್ಚಿನವಕ್ಕೆ ತ್ರೀ ಫೇಸ್ ಬೇಕು. ಮೇಜಿನ ಮೇಲೆ ಇಡುವಂಥ 12 ಅಥವಾ 13 ಇಂಚಿನದು ಸಾಕು. ಮಕಿತಾ 2012ಎನ್‌ಬಿ ಈ ಸಾಲಿನಲ್ಲಿ ಹಳೆಯ, ನಂಬಿಕೆಯ ಮಾಡೆಲ್. 304 ಮಿ.ಮೀ. ಅಗಲ, 1650 ವ್ಯಾಟ್, ಎರಡು ಬ್ಲೇಡ್, ತೂಕ ಸುಮಾರು 28 ಕೆ.ಜಿ. ಒಬ್ಬರೇ ಎತ್ತಿ ಮೂಲೆಯಲ್ಲಿ ಇಡಬಹುದು. ಡಿವಾಲ್ಟ್ ಡಿಡಬ್ಲ್ಯು735 ಇನ್ನೊಂದು. 13 ಇಂಚು, ಮೂರು ಬ್ಲೇಡ್, ಎರಡು ವೇಗ. ವೇಗದ ಸೆಟ್ಟಿಂಗ್‌ನಲ್ಲಿ ಇಂಚಿಗೆ 96 ಸಲ, ನಿಧಾನದ ಸೆಟ್ಟಿಂಗ್‌ನಲ್ಲಿ 179 ಸಲ ಬ್ಲೇಡ್ ತಾಗುತ್ತದೆ. ಮೈ ಬಹಳ ನಯವಾಗಿ ಬರುತ್ತದೆ. ಆದರೆ ತೂಕ 40 ಕೆ.ಜಿ. ದಾಟುತ್ತದೆ, ಸದ್ದೂ ಜೋರು.

ನಮ್ಮ ಊರಿನಲ್ಲಿ ಪ್ರತಿ ಮನೆಗೂ ಹೊರದೇಶದಲ್ಲಿ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ? ತರಿಸುವ ಆಲೋಚನೆ ಇದ್ದರೆ ಮೆಷಿನ್‌ನ ನೇಮ್‌ಪ್ಲೇಟ್ ಫೋಟೋ ಮೊದಲು ಕೇಳಿ. ದುಬೈ ಕಡೆಯ 230 ವೋಲ್ಟ್‌ನದ್ದು ಇಲ್ಲಿ ಓಡುತ್ತದೆ, ಪ್ಲಗ್ ಬದಲಿಸಿದರೆ ಸಾಕು. ಅಮೆರಿಕದ್ದು 120 ವೋಲ್ಟ್, 15 ಆಂಪ್. ಅದಕ್ಕೆ ಕನಿಷ್ಠ 2 ಕೆವಿಎ, ಸಮಾಧಾನಕ್ಕೆ 3 ಕೆವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆ ಖರ್ಚು, ಆ ಭಾರ ಸೇರಿಸಿದರೆ ಲಾಭ ಉಳಿಯುವುದಿಲ್ಲ. ರಿಪೇರಿಗೂ ಪಾರ್ಟ್ ಸಿಗುವುದು ಕಷ್ಟ.

ಹೆಲಿಕಲ್ ಕಟ್ಟರ್ ಬಗ್ಗೆಯೂ ಯೋಚನೆ ಬರಬಹುದು. ಉದ್ದ ಬ್ಲೇಡಿನ ಬದಲು ಸಣ್ಣ ಚೌಕ ಕಾರ್ಬೈಡ್ ತುಂಡುಗಳು, ಒಂದೊಂದಕ್ಕೂ ನಾಲ್ಕು ಬಾಯಿ. ಒಂದು ಬಾಯಿ ಹೋದರೆ ತಿರುಗಿಸಿದರಾಯಿತು. ಸದ್ದು ಕಡಿಮೆ, ಹಲಸಿನಂಥ ಅಡ್ಡನಾರಿನ ಮರ ಕಿತ್ತು ಬರುವುದೂ ಕಡಿಮೆ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಸಾದಾ ಬ್ಲೇಡ್ ಬೇಗ ಮೊಂಡಾಗುತ್ತದೆ, ಕಾರ್ಬೈಡ್ ತಾಳುತ್ತದೆ. ಆದರೂ ಶುರುವಿನಲ್ಲಿ ಬೇಡ. ಆ ದುಡ್ಡಿನಲ್ಲಿ ಒಂದು ಜೊತೆ ಹೆಚ್ಚುವರಿ ಬ್ಲೇಡ್, ದಪ್ಪ ಅಳೆಯಲು ಒಂದು ಡಿಜಿಟಲ್ ವರ್ನಿಯರ್, ಒಂದು ತೇವ ಅಳೆಯುವ ಮೀಟರ್, ಒಂದೂವರೆ ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿ ತೆಗೆದುಕೊಳ್ಳಿ. ಇವಿಲ್ಲದೆ ಸೆಟ್ಟಿಂಗ್ ಆಗುವುದಿಲ್ಲ.

ಇನ್ನು ನಿಮ್ಮ ತಗ್ಗಿನ ವಿಷಯ. ಇದಕ್ಕೆ ಸ್ನೈಪ್ ಎನ್ನುತ್ತಾರೆ. ಒಳಗೆ ಎರಡು ರೋಲರ್ ಇವೆ, ಬ್ಲೇಡಿನ ಈಚೆ ಒಂದು, ಆಚೆ ಒಂದು. ಹಲಗೆ ಒಳಗೆ ಹೋಗುವಾಗ ಈಚೆಯ ರೋಲರ್ ಮಾತ್ರ ಹಿಡಿದಿರುತ್ತದೆ. ಆಗ ಹಲಗೆಯ ಹಿಂದಿನ ಭಾಗ ತೂಗಿದರೆ ಮುಂದಿನ ತುದಿ ಮೇಲೆದ್ದು ಬ್ಲೇಡಿಗೆ ತಾಗುತ್ತದೆ. ಆಚೆಯ ರೋಲರ್ ಹಿಡಿದ ಮೇಲೆ ಸರಿಯಾಗುತ್ತದೆ. ಹೊರಗೆ ಬರುವಾಗ ಇದೇ ಉಲ್ಟಾ. ತಗ್ಗಿನ ಉದ್ದ ಹೆಚ್ಚುಕಡಿಮೆ ಬ್ಲೇಡಿಗೂ ರೋಲರ್‌ಗೂ ಇರುವ ದೂರದಷ್ಟೇ ಇರುತ್ತದೆ, ಅಳೆದು ನೋಡಿ. ಅಂದರೆ ಹಲಗೆಗೆ ಆಧಾರ ಸಾಲದು ಎಂದರ್ಥ. ಬ್ಲೇಡ್ ಕೂತು ತಿರುಗುವ ಭಾಗ, ಅಂದರೆ ಕಟ್ಟರ್ ಹೆಡ್, ಸ್ವಲ್ಪ ಓಲಾಡುವುದೂ ಸೇರಿಕೊಳ್ಳುತ್ತದೆ. ಅದಕ್ಕೇ ಲಾಕ್ ಇದ್ದ ಮೆಷಿನ್ ಆದರೆ ಪ್ರತಿ ಸಲ ಎತ್ತರ ಬದಲಿಸಿದ ಮೇಲೆ ಲಾಕ್ ಹಾಕಿ. ಇದನ್ನು ಮರೆಯುವವರೇ ಜಾಸ್ತಿ.

ಪರಿಹಾರ ಮೆಷಿನ್‌ನ ಈಚೆ ಆಚೆ ಹಲಗೆಗೆ ಆಧಾರ ಕೊಡುವ ಮಡಚುವ ಮೇಜುಗಳಲ್ಲಿ ಇದೆ. ಪ್ಲಗ್ ತೆಗೆದು, ಅಲ್ಯೂಮಿನಿಯಂ ಪಟ್ಟಿಯನ್ನು ಈಚೆಯ ಮೇಜು, ನಡುವಿನ ತಳ, ಆಚೆಯ ಮೇಜು ಮೂರಕ್ಕೂ ತಾಗುವ ಹಾಗೆ ಇಡಿ. ಕಂಪನಿಯಿಂದ ಬರುವಾಗ ಮೇಜುಗಳು ಹೆಚ್ಚಾಗಿ ಸಮ ಇರುತ್ತವೆ, ಕೆಲವು ತೂಗಿಯೂ ಇರುತ್ತವೆ. ಹೊರತುದಿಗಳು ನಡುವಿನ ತಳಕ್ಕಿಂತ ಒಂದು ಮಿ.ಮೀ.ನಷ್ಟು ಎತ್ತರ ಬರಬೇಕು. ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತ ಜಾಸ್ತಿ ಬೇಡ. ಮೇಜಿನ ಅಡಿಯ ಬೋಲ್ಟ್ ತಿರುಗಿಸಿ, ಮತ್ತೆ ಅಳೆಯಿರಿ. ಹಲಗೆ ನಾಲ್ಕಡಿ ದಾಟಿದರೆ ಆ ಮೇಜೂ ಸಾಲದು. ಎರಡೂ ಕಡೆ ಸ್ಟ್ಯಾಂಡ್ ಇಡಬೇಕು, ಇಲ್ಲವೇ ಮನೆಯವರೊಬ್ಬರು ಆಚೆ ನಿಂತು ಹೊರಬರುವ ತುದಿಯನ್ನು ಸ್ವಲ್ಪ ಎತ್ತಿ ಹಿಡಿಯಬೇಕು. ಇಷ್ಟಾದರೆ ತಗ್ಗು ಕೈಗೆ ತಿಳಿಯದಷ್ಟು ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ಎರಡೂ ಕಡೆ ಮೂರು ಮೂರು ಇಂಚು ಉದ್ದ ಜಾಸ್ತಿ ಇಟ್ಟುಕೊಂಡು ಕೊನೆಗೆ ಕತ್ತರಿಸಿ. ಉದ್ದ ಬಿಡಲು ಮರ ಸಾಲದಿದ್ದರೆ, ಒಂದರ ಹಿಂದೆ ಒಂದು ತಾಗಿಸಿ ಕಳಿಸಿ. ಮೊದಲಿನದಕ್ಕೂ ಕೊನೆಯದಕ್ಕೂ ಅದೇ ದಪ್ಪದ ಬೇಡದ ತುಂಡು ಇಡಿ, ತಗ್ಗು ಅದರಲ್ಲಿ ಬೀಳಲಿ.

ಮುಂದೆ ಬ್ಲೇಡ್ ತಳಕ್ಕೆ ಸಮಾನಾಂತರವಾಗಿದೆಯೇ ನೋಡಬೇಕು. ಒಂದೇ ಮರದಿಂದ ಎರಡು ರೀಪು ತೆಗೆದುಕೊಳ್ಳಿ. ಒಂದನ್ನು ಎಡ ಅಂಚಿನಲ್ಲಿ, ಇನ್ನೊಂದನ್ನು ಬಲ ಅಂಚಿನಲ್ಲಿ, ಎತ್ತರ ಬದಲಿಸದೆ ಕಳಿಸಿ. ವರ್ನಿಯರ್‌ನಿಂದ ಎರಡನ್ನೂ ಅಳೆಯಿರಿ. 0.1 ಮಿ.ಮೀ. ಒಳಗಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ಇದ್ದರೆ ಮೊದಲು ಬ್ಲೇಡ್ ಕೂರುವ ಜಾಗದಲ್ಲಿ ಹುಡಿ ಸಿಕ್ಕಿಕೊಂಡಿದೆಯೇ ನೋಡಿ, ಹೆಚ್ಚಿನ ಸಲ ಅಷ್ಟೇ ಇರುತ್ತದೆ. ಅಲ್ಲದಿದ್ದರೆ ಮ್ಯಾನುವಲ್‌ನಲ್ಲಿ ಹೆಡ್ ಸರಿಮಾಡುವ ಕ್ರಮ ಇರುತ್ತದೆ. ಬ್ಲೇಡಿಗೆ ಕಚ್ಚು ಬಿದ್ದು ಹಲಗೆಯ ಮೇಲೆ ಉದ್ದ ಗೆರೆ ಬರುತ್ತಿದ್ದರೆ, ಸ್ಲಾಟ್‌ನಲ್ಲಿ ಜಾಗ ಇರುವಷ್ಟು ಒಂದು ಬ್ಲೇಡನ್ನು ಪಕ್ಕಕ್ಕೆ ಸರಿಸಿ. ಒಂದರ ಕಚ್ಚನ್ನು ಇನ್ನೊಂದು ಕೀಸಿಬಿಡುತ್ತದೆ, ಗೆರೆ ಹೋಗುತ್ತದೆ.

ಕರಾವಳಿಯಲ್ಲಿ ಇರುವವರಿಗೆ ಇನ್ನೊಂದು ತಲೆನೋವು ತುಕ್ಕು. ಜೂನ್‌ನಿಂದ ಸೆಪ್ಟೆಂಬರ್ ತನಕ ತಳದ ಕಬ್ಬಿಣ ಒಂದು ವಾರ ಸುಮ್ನೆ ಬಿಟ್ಟರೆ ಸಾಕು, ಕೆಂಪು ಚುಕ್ಕೆ ಬರುತ್ತದೆ. ಪ್ಯಾರಾಫಿನ್ ಮೇಣ ಹಚ್ಚಿ, ಬಟ್ಟೆಯಿಂದ ಉಜ್ಜಿ. ಸಾದಾ ಮೇಣದಬತ್ತಿಯೇ ಆಗುತ್ತದೆ. ತುಕ್ಕೂ ಹಿಡಿಯುವುದಿಲ್ಲ, ಹಲಗೆಯೂ ಸಲೀಸಾಗಿ ಜಾರುತ್ತದೆ. ಹಲಗೆ ಒಳಗೆ ನಿಂತುಬಿಡುವುದಕ್ಕೆ ಮೇಣ ಇಲ್ಲದ ತಳವೇ ಅರ್ಧ ಕಾರಣ. ಇನ್ನರ್ಧ ರೋಲರ್‌ಗೆ ಮೆತ್ತಿದ ಅಂಟು. ಅದನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಥಿನ್ನರ್ ಮುಟ್ಟಿಸಬೇಡಿ, ರಬ್ಬರ್ ಹಾಳಾಗುತ್ತದೆ. ತೆಂಗಿನೆಣ್ಣೆ ಬೇಡವೇ ಬೇಡ ಮಾರಾಯ್ರೆ. ಹುಡಿ ಹಿಡಿದು ಜಿಗುಟಾಗುತ್ತದೆ, ಮರಕ್ಕೂ ಕಲೆ. ಸಿಲಿಕಾನ್ ಸ್ಪ್ರೇ ಕೂಡ ಬೇಡ, ಆಮೇಲೆ ಪಾಲಿಶ್ ಹಿಡಿಯುವುದಿಲ್ಲ. ಮೆಷಿನ್ ಮೇಲೆ ಪ್ಲಾಸ್ಟಿಕ್ ಬದಲು ದಪ್ಪ ಹತ್ತಿ ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಒಳಗೆ ಬೆವರುತ್ತದೆ.

ಮರದ ತೇವ ಇದಕ್ಕಿಂತ ಮುಖ್ಯ. ಗಾಳಿಯಲ್ಲಿ ತೇವಾಂಶ 65 ಶೇಕಡಾ ಇದ್ದರೆ ಮರ ಸುಮಾರು 12 ಶೇಕಡಾಕ್ಕೆ ನಿಲ್ಲುತ್ತದೆ. 80 ಇದ್ದರೆ ಸುಮಾರು 16ಕ್ಕೆ, 90 ಇದ್ದರೆ 20ರ ಹತ್ತಿರಕ್ಕೆ. ನಮ್ಮ ಮಳೆಗಾಲದಲ್ಲಿ ಎಷ್ಟು ಒಣಗಿಸಿದರೂ 16ರಿಂದ ಕೆಳಗೆ ಇಳಿಯುವುದು ಕಷ್ಟ. ಆದ್ದರಿಂದ ಮೇಜಿನ ಹಲಗೆಯ ಕೊನೆಯ ಕೀಸುವಿಕೆಯನ್ನು ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಒರಟಾಗಿ ಕೀಸಿ, ಬೇಕಾದ ದಪ್ಪಕ್ಕಿಂತ 2 ಮಿ.ಮೀ. ಜಾಸ್ತಿ ಬಿಟ್ಟು, ನಡುವೆ ರೀಪು ಕೊಟ್ಟು ಎರಡು ವಾರ ಪೇರಿಸಿ ಇಡಿ. ಬಾಗುವುದಿದ್ದರೆ ಆಗ ಬಾಗುತ್ತದೆ. ಒಂದೇ ಮುಖದಿಂದ ಎಲ್ಲ ತೆಗೆಯಬೇಡಿ, ಎರಡೂ ಮುಖದಿಂದ ಹೆಚ್ಚುಕಡಿಮೆ ಸಮ ತೆಗೆಯಿರಿ.

ಹಲಸು ಕೀಸುವಾಗ ಅಗಲದ ಹಲಗೆಗೆ ಒಂದು ಸಲಕ್ಕೆ 1 ಮಿ.ಮೀ. ದಾಟಬೇಡಿ. ಕೊನೆಯ ಎರಡು ಸಲ 0.3 ಮಿ.ಮೀ. ಸಾಕು. ನಾರು ಕಿತ್ತು ಬರುತ್ತಿದ್ದರೆ ಹಲಗೆ ತಿರುಗಿಸಿ ಇನ್ನೊಂದು ತುದಿಯಿಂದ ಕಳಿಸಿ. ಆಗಲೂ ಕಿತ್ತರೆ ಒದ್ದೆ ಬಟ್ಟೆಯಿಂದ ಮೇಲ್ಮೈ ಒರೆಸಿ, ಎರಡು ನಿಮಿಷ ಬಿಟ್ಟು ತೆಳುವಾಗಿ ಕೀಸಿ. ಒಂದಡಿಗಿಂತ ಗಿಡ್ಡ ತುಂಡನ್ನು ಒಂಟಿಯಾಗಿ ಹಾಕಲೇಬೇಡಿ. ಎರಡೂ ರೋಲರ್‌ಗೆ ಸಿಗದೆ ತಿರುಗಿ ಒಡೆದು ಬ್ಲೇಡೂ ಹೋಗುತ್ತದೆ, ಕೈಗೂ ಅಪಾಯ.

ಹಳೆ ಹಂಚಿನ ಮನೆಯ ಪಕ್ಕಾಸು, ಬಾಗಿಲು ಸಿಕ್ಕಿದರೆ ಬಿಡಬೇಡಿ, ಅಂಥ ಒಣಗಿದ ಮರ ಈಗ ಸಿಗುವುದಿಲ್ಲ. ಆದರೆ ಪ್ರತಿ ಇಂಚನ್ನೂ ಮೆಟಲ್ ಡಿಟೆಕ್ಟರ್‌ನಿಂದ ನೋಡಿ. ಮುರಿದ ಒಂದು ಮೊಳೆ ಸಾಕು, ಹೊಸ ಬ್ಲೇಡಿನ ಕಥೆ ಮುಗಿಯಿತು.

ಕರೆಂಟಿಗೆ 16 ಆಂಪ್ ಸಾಕೆಟ್, 2.5 ಚದರ ಮಿ.ಮೀ. ವೈರ್, ಸರಿಯಾದ ಅರ್ಥ್. ತೆಳು ಎಕ್ಸ್‌ಟೆನ್ಶನ್ ಹಾಕಿದರೆ ವೋಲ್ಟೇಜ್ ಇಳಿದು ಮೋಟರ್ ಬಿಸಿಯಾಗುತ್ತದೆ. ಮಳೆಗಾಲದ ಸಂಜೆ ದೀಪ ಮಂದವಾಗಿದ್ದರೆ ಆವತ್ತು ಮೆಷಿನ್ ಹಾಕಬೇಡಿ. ಕಿವಿಗೆ ಮಫ್, ಮೂಗಿಗೆ ಎನ್95, ಕಣ್ಣಿಗೆ ಕನ್ನಡಕ ಇಲ್ಲದೆ ಸ್ವಿಚ್ ಒತ್ತಬೇಡಿ. ಚಕ್ಕೆ ರಾಶಿ ರಾಶಿ ಬರುತ್ತದೆ. ದೊಡ್ಡ ಬಾಯಿಯ ಪೈಪು ಕೊಟ್ಟು ಗೋಣಿಗೆ ಇಳಿಸುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಒಳಗೆ ತುಂಬಿದ ಚಕ್ಕೆ ರೋಲರ್ ಅಡಿಗೆ ಸಿಕ್ಕಿ ಹಲಗೆಯ ಮೇಲೆ ಸಣ್ಣ ಸಣ್ಣ ಗುಳಿ ಒತ್ತುತ್ತದೆ.

ನಿಮಗೆ ಆಗಬೇಕಾದದ್ದು ಈ ಒಂದು ಮೇಜು ಮಾತ್ರ ಎಂದಾದರೆ ಮೆಷಿನ್ ಬೇಡ ಎಂದೇ ಹೇಳುತ್ತೇನೆ. ಒಂದು ಮುಖ ನೀವೇ ನೇರ ಮಾಡಿ, ಮರದ ಮಿಲ್ಲಿನಲ್ಲೋ ಹತ್ತಿರದ ಆಚಾರಿಯವರ ವರ್ಕ್‌ಶಾಪ್‌ನಲ್ಲೋ ಬಾಡಿಗೆ ಕೊಟ್ಟು ದಪ್ಪ ಮಾಡಿಸಿ. ಮೇಜಿನ ನಂತರ ಕುರ್ಚಿ, ಕಪಾಟು ಎಂದು ಮುಂದುವರಿಯುವ ಮನಸ್ಸು ಇದ್ದರೆ 12 ಇಂಚಿನದನ್ನು ಧೈರ್ಯವಾಗಿ ತೆಗೆದುಕೊಳ್ಳಿ, ಬಂದ ಮೊದಲ ದಿನ ಹಲಸು ಮುಟ್ಟದೆ ಅಗ್ಗದ ಅಕೇಶಿಯಾ ತುಂಡುಗಳಲ್ಲಿ ಸೆಟ್ಟಿಂಗ್ ಮಾಡಿ. ಗೆಳೆಯರ ಮೆಷಿನ್‌ಗೂ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ. ಮೇಜುಗಳ ಹೊರತುದಿ ಎಷ್ಟು ತೂಗಿದೆ ಎಂದು ಅಳೆದು ಇಲ್ಲಿ ಬರೆದರೆ, ಯಾವ ಬೋಲ್ಟ್ ಎಷ್ಟು ತಿರುಗಿಸಬೇಕು ಎಂದು ಹೇಳಬಲ್ಲೆ.