ಬಣ್ಣ ದಪ್ಪಗೆ ಬಳಿದರೆ ಕರೆಂಟ್ ಯಾಕೆ ಕಮ್ಮಿ?

ಪ್ರಶ್ನೆ: ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಂತ ಮಗಳು ನೇರಳೆಹಣ್ಣಿನ ರಸದಲ್ಲಿ ಸೋಲಾರ್ ಸೆಲ್ ಮಾಡಿದಳು. ಬಿಸಿಲಿಗೆ ಹಿಡಿದಾಗ 0.4 ವೋಲ್ಟ್ ಬಂತು. ಇನ್ನೂ ಜಾಸ್ತಿ ಬರಲಿ ಅಂತ ರಸವನ್ನು ಕುದಿಸಿ ಗಟ್ಟಿ ಮಾಡಿ, ಬಿಳಿ ಪದರದ ಮೇಲೆ ದಪ್ಪಗೆ ಬಳಿದೆವು. ಕರೆಂಟ್ ಇಳಿದುಹೋಯಿತು! ಯಾಕೆ ಸಾರ್?
- ಒಬ್ಬ ಓದುಗರು, ತುಮಕೂರು

ಉತ್ತರ: ಮೊದಲು ಮಗಳಿಗೆ ಶಭಾಷ್ ಹೇಳಿ. ಹಣ್ಣಿನ ರಸಕ್ಕೆ 0.4 ವೋಲ್ಟ್ ಕಮ್ಮಿಯೇನಲ್ಲ. ಕುದಿಸಿದ್ದು ಒಂದು ತಪ್ಪು, ಬಿಸಿಗೆ ಆ ಬಣ್ಣ ಕೆಡುತ್ತದೆ. ದಪ್ಪಗೆ ಬಳಿದದ್ದು ಇನ್ನೂ ದೊಡ್ಡ ತಪ್ಪು.

ರಷ್ ಇರುವ ಬಸ್ಸು ನೆನಪಿಸಿಕೊಳ್ಳಿ. ಕಂಡಕ್ಟರ್ ಪಕ್ಕದಲ್ಲೇ ನಿಂತವನು ದುಡ್ಡನ್ನು ನೇರವಾಗಿ ಕೊಡುತ್ತಾನೆ. ಹಿಂದಿನವರದ್ದು ಕೈಯಿಂದ ಕೈಗೆ ದಾಟಿ ಬರಬೇಕು, ನಡುವೆ ಎಲ್ಲೋ ಬಿದ್ದೂ ಹೋಗಬಹುದು, ಅಲ್ವಾ? ಇಲ್ಲಿ ಕಂಡಕ್ಟರ್ ಅಂದರೆ ನಿಮ್ಮ ಬಿಳಿ ಪದರದಲ್ಲಿರುವ ಪುಡಿ, ಟೈಟಾನಿಯಂ ಡೈಆಕ್ಸೈಡ್. ಗೋಡೆ ಪೇಂಟಿಗೆ ಹಾಕುವುದೂ ಅದನ್ನೇ. ಬೆಳಕು ಬಿದ್ದ ಬಣ್ಣದ ಅಣು ತನ್ನ ಎಲೆಕ್ಟ್ರಾನನ್ನು ಈ ಪುಡಿಗೆ ಕೊಡಬೇಕು, ಅದಕ್ಕೆ ಪುಡಿಗೆ ಅಂಟಿಕೊಂಡೇ ಇರಬೇಕು. ಮೇಲಿನ ಪದರದ ಅಣುಗಳು ಬೆಳಕನ್ನೇನೋ ನುಂಗುತ್ತವೆ, ಆದರೆ ಆ ಶಕ್ತಿ ಪಕ್ಕದ ಅಣುವಿಗೆ, ಅಲ್ಲಿಂದ ಇನ್ನೊಂದಕ್ಕೆ ಅಂತ ದಾಟುತ್ತಾ ದಾರಿಯಲ್ಲೇ ಬಿಸಿಯಾಗಿ ಮುಗಿಯುತ್ತದೆ. ಹೀಗೆ ದಾಟುವುದನ್ನು 1940ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದವರು ಜರ್ಮನಿಯ ವಿಜ್ಞಾನಿ ಫಾರ್ಸ್ಟರ್. ಎರಡು ಅಣುಗಳ ನಡುವಿನ ದೂರ ಎರಡು ಪಟ್ಟಾದರೆ ಶಕ್ತಿ ದಾಟುವ ವೇಗ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಆಚೆಗೆ ಹೆಚ್ಚುಕಮ್ಮಿ ಸೊನ್ನೆ.

ಹಾಗಾದರೆ ಒಂದೇ ಪದರದ ಬಣ್ಣ ಎಷ್ಟು ಬೆಳಕು ಹಿಡಿದೀತು? ಸಪಾಟು ಗಾಜಿನ ಮೇಲಾದರೆ ಏನೂ ಇಲ್ಲ ಅನ್ನಿ. 1991ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೆಟ್ಸೆಲ್ ಮತ್ತು ಒ'ರೀಗನ್ ಎಂಬ ವಿಜ್ಞಾನಿಗಳು ಇದಕ್ಕೆ ಒಂದು ಉಪಾಯ ಮಾಡಿದರು. ಅದೇ ಬಿಳಿ ಪುಡಿಯ ಅತಿಸಣ್ಣ ಕಣಗಳನ್ನು ಸ್ಪಂಜಿನ ಹಾಗೆ ಕೂಡಿಸಿದರು. ಪದರ ಸುಮಾರು 10 ಮೈಕ್ರೋಮೀಟರ್ (ಮಿಲಿಮೀಟರಿನ ನೂರರಲ್ಲಿ ಒಂದು ಪಾಲು) ದಪ್ಪ ಅಷ್ಟೇ, ಒಳಗಿನ ಮೈ ಮಾತ್ರ ಗಾಜಿನ ಅಳತೆಗಿಂತ ನೂರಾರು ಪಟ್ಟು. ಕರೆಂಟ್ ಬಂತು, ಬೆಳಕನ್ನು ಕರೆಂಟಾಗಿಸುವ ದಕ್ಷತೆ ಶೇ. 7 ದಾಟಿತು. ಅವರು ಬಳಸಿದ್ದು ರುಥೇನಿಯಂ ಎಂಬ ಲೋಹವಿರುವ ಬಣ್ಣ, ಹಣ್ಣಿನ ರಸ ಅಲ್ಲ!

ಇನ್ನೊಂದು ಸಲ ಮಾಡಿ. ಹಸಿ ಹಣ್ಣನ್ನು ಹಿಂಡಿ ಸೋಸಿ, ಬಿಳಿ ಪದರವಿರುವ ಗಾಜನ್ನು ಅದರಲ್ಲಿ ಮುಳುಗಿಸಿಡಿ. ಬಳಿಯೋದು ಬೇಡ. ಆಮೇಲೆ ನೀರಲ್ಲಿ, ಕೊನೆಗೆ ಸ್ಪಿರಿಟ್‌ನಲ್ಲಿ ತೊಳೆಯಿರಿ. ಬಣ್ಣ ಹೋಗುತ್ತಿದೆಯಲ್ಲಾ ಅಂತ ಮಗಳು ಗಾಬರಿಯಾಗಬಹುದು, ಹೋಗಲಿ ಬಿಡಿ. ತೊಳೆದ ಮೇಲೂ ಉಳಿದ ನೇರಳೆ ಬಣ್ಣ ಪುಡಿಗೆ ಅಂಟಿದ್ದು, ಕೆಲಸ ಮಾಡೋದು ಅದೇ. ಇಂಥ ನಾಲ್ಕು ಸೆಲ್ಲುಗಳನ್ನು ಸಾಲಾಗಿ ಜೋಡಿಸಿ ಸಣ್ಣ ಕ್ಯಾಲ್ಕುಲೇಟರ್‌ಗೆ ಕೊಟ್ಟು ನೋಡಿ.