ಹೊಡೆದಾಟ ಕಡಿಮೆ ಇದ್ದರೂ 'ಅಸ್ಯಾಸಿನ್ಸ್ ಅಪ್ರೆಂಟಿಸ್' ಓದಬಹುದಾ?

ರಾಬಿನ್ ಹಾಬ್ ಬರೆದ ಈ ಫ್ಯಾಂಟಸಿ ಕಾದಂಬರಿ ತುಂಬಾ ನಿಧಾನ ಅಂತ ಯಾರೋ ಹೇಳಿದರು, ಆದರೂ ಓದಬಹುದಾ ಅಂತ ಕೇಳಿದ್ದೀರಿ. ಖಂಡಿತ ಓದಿ. 'ಕೊಲೆಗಾರನ ಶಿಷ್ಯ' ಅನ್ನೋ ಅರ್ಥದ ಹೆಸರು ನೋಡಿ ಪುಟಪುಟಕ್ಕೂ ಕತ್ತಿವರಸೆ, ಕೊಲೆ ಇರುತ್ತದೆ ಅಂದುಕೊಂಡರೆ ಮಾತ್ರ ನಿರಾಸೆಯಾಗುತ್ತದೆ.

ಕಥೆ ಫಿಟ್ಸ್ ಅನ್ನೋ ಹುಡುಗನದು. ಪಟ್ಟಕ್ಕೆ ಬರಬೇಕಿದ್ದ ರಾಜಕುಮಾರನಿಗೆ ಹೆಂಡತಿಯಲ್ಲದವಳಲ್ಲಿ ಹುಟ್ಟಿದ ಮಗ. ಆರು ವರ್ಷದವನನ್ನು ತಾಯಿಯ ಅಪ್ಪ ಕೋಟೆ ಬಾಗಿಲಲ್ಲಿ ಬಿಟ್ಟು ಹೋಗುತ್ತಾನೆ. ಹುಡುಗ ಬೆಳೆಯುವುದು ಲಾಯದಲ್ಲಿ, ಕುದುರೆ ನಾಯಿಗಳ ನಡುವೆ.

ನನ್ನನ್ನು ಹಿಡಿದು ಕೂರಿಸಿದ್ದು ಒಂದು ಸಣ್ಣ ಸನ್ನಿವೇಶ. ಔತಣದಲ್ಲಿ ಮಿಕ್ಕಿದ್ದನ್ನು ಫಿಟ್ಸ್ ನಾಯಿಮರಿಯ ಜೊತೆ ತಿನ್ನುತ್ತಿರುತ್ತಾನೆ. ಅಲ್ಲಿಗೆ ತಾತ, ಅಂದರೆ ರಾಜ ಶ್ರೂಡ್ ಬರುತ್ತಾನೆ. ಮೊಮ್ಮಗನನ್ನು ಎತ್ತಿ ಮುದ್ದಾಡುವುದಿಲ್ಲ. ಊಟ, ಬಟ್ಟೆ, ವಿದ್ಯೆ ಕೊಡುತ್ತೇನೆ, ನೀನು ನನ್ನವನಾಗಿರು ಅಂತ ಮಾತು ಕುದುರಿಸುತ್ತಾನೆ. ತನ್ನ ಬಟ್ಟೆಯಿಂದ ಕೆಂಪು ಕಲ್ಲಿನ ಬೆಳ್ಳಿ ಪಿನ್ ಬಿಚ್ಚಿ ಹುಡುಗನ ಅಂಗಿಗೆ ಚುಚ್ಚುತ್ತಾನೆ. ಮುಂದೆ ಚೇಡ್ ಅನ್ನೋ ಮುದುಕ ಗುಟ್ಟಿನ ಮೆಟ್ಟಿಲ ಮೇಲಿನ ಕೋಣೆಗೆ ರಾತ್ರಿ ಕರೆದೊಯ್ದು ವಿಷ, ಗಿಡಮೂಲಿಕೆ ಎಲ್ಲ ಕಲಿಸುವಾಗ ನನಗೆ ಆ ಪಿನ್ನೇ ಕಣ್ಮುಂದೆ ಬರುತ್ತಿತ್ತು. ಪ್ರೀತಿಗೆ ಹಸಿದ ಮಗುವಿಗೆ ಕೊಲ್ಲುವುದನ್ನು ಹೇಳಿಕೊಡುತ್ತಿದ್ದಾರೆ. ಹೇಳಿಕೊಡುವವನೂ ಕೆಟ್ಟವನಲ್ಲ, ಹುಡುಗನ ಮೇಲೆ ನಿಜವಾಗಿ ಅಕ್ಕರೆ ಇಟ್ಟವನು. ಓದುತ್ತಾ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈ ಸಂಕಟ ಹುಟ್ಟಬೇಕಾದರೆ ನಿಧಾನ ಬೇಕೇ ಬೇಕು.

ಭಯ ಹುಟ್ಟಿಸುವ ಭಾಗವೂ ಇದೆ. ಕೆಂಪು ಹಡಗಿನ ದಾಳಿಕೋರರು ಊರಿನವರನ್ನು ಹಿಡಿದುಕೊಂಡು ಹೋಗಿ, ಚಿನ್ನ ಕೊಡದಿದ್ದರೆ ಇವರನ್ನು ವಾಪಸ್ ಕಳಿಸುತ್ತೇವೆ ಅಂತ ಬೆದರಿಸುತ್ತಾರೆ. ಇದೆಂಥ ಬೆದರಿಕೆ ಅನ್ನಿಸುತ್ತದೆ, ಅಲ್ವಾ? ವಾಪಸ್ ಬಂದವರಲ್ಲಿ ಮನೆಯವರ ಮೇಲೆ ಚೂರೂ ಮಮತೆ ಉಳಿದಿರುವುದಿಲ್ಲ. ಒಂದು ತುತ್ತಿಗಾಗಿ ಯಾರನ್ನು ಬೇಕಾದರೂ ಹೊಡೆಯುತ್ತಾರೆ. ರಕ್ತದ ಕೋಡಿ ಹರಿಸುವ ಎಷ್ಟೋ ಫ್ಯಾಂಟಸಿಗಳಿಗಿಂತ ಇದು ಜಾಸ್ತಿ ಕಾಡುತ್ತದೆ.

ಒಂದು ಕೊರತೆ ಅಂದರೆ ಕಿರಿಯ ರಾಜಕುಮಾರ ರೀಗಲ್. ಬಂದಾಗಲಿಂದ ಹೋಗುವವರೆಗೂ ಬರೀ ಕೆಟ್ಟವನು.

ಇದು ಬಂದದ್ದು 1995ರಲ್ಲಿ, ಮೂರು ಪುಸ್ತಕಗಳಲ್ಲಿ ಮೊದಲನೆಯದು. ಎರಡನೆಯದು 'ರಾಯಲ್ ಅಸ್ಯಾಸಿನ್'. ಹೆಸರು ಚೆನ್ನಾಗಿದೆ ಅಂತ ಅದನ್ನೇ ಮೊದಲು ಎತ್ತಿಕೊಳ್ಳಬೇಡಿ. ನಾಯಿಗಳೆಂದರೆ ನಿಮಗೆ ಜೀವ ಅನ್ನುವುದಾದರೆ, ಕೆಲವು ಪುಟಗಳಿಗೆ ಮನಸ್ಸು ಗಟ್ಟಿ ಮಾಡಿಕೊಂಡಿರಿ.